ಹಡಗಿಗೆ ಕಾವಲು ನಿಂತ ಅಮೀನ

ಕೋರ್ಟಿನ ಬೇರೆ ಅಮೀನರು ಅಂಗಡಿ, ಮನೆಗಳ ಬಾಗಿಲಿಗೆ ಜಪ್ತಿ ಆದೇಶ ಅಂಟಿಸುತ್ತಿದ್ದರೆ, ಬಂದರಿನ ಕೆಲಸ ಈ ಅಮೀನನ ಪಾಲಿಗೆ ಬಂದಿತ್ತು. ಅನಾಹುತ ಮಾಡಿದ ಹಡಗು ಓಡಿಹೋಗದಂತೆ ಕಾನೂನು ಹಡಗನ್ನೇ ಬಂಧಿಸುತ್ತದೆ. ಚುಕ್ಕಾಣಿ ಕೋಣೆಯ ಗಾಜಿಗೆ ನ್ಯಾಯಾಧೀಶರ ಆದೇಶ ಅಂಟಿಸಿ ಬಂದರೆ ಇವನ ಕೆಲಸ ಮುಗಿಯಿತು.

"ಮನೇಲಿ ಒಂದು ಬೆಕ್ಕು ಹಿಡಿಯೋಕಾಗಲ್ಲ, ನಮ್ಮ ಯಜಮಾನರು ಹಡಗು ಹಿಡೀತಾರಂತೆ," ಎಂದು ಹೆಂಡತಿ ನೆಂಟರ ಮುಂದೆ ಆಡಿಕೊಳ್ಳುತ್ತಿದ್ದಳು. ಇವನೂ ನಗುತ್ತಿದ್ದ, ಆ ತುಕ್ಕು ಹಿಡಿದ ಸರಕು ಹಡಗನ್ನು ಹಿಡಿಯುವವರೆಗೆ.

ಮಂಜು ಕವಿದ ಒಂದು ಬೆಳಗ್ಗೆ ಅದು ಮೀನುದೋಣಿಯೊಂದರ ಮೇಲೆ ಹಾದುಹೋಗಿತ್ತು. ದೋಣಿಯಲ್ಲಿದ್ದ ಇಬ್ಬರು ಅಣ್ಣತಮ್ಮಂದಿರ ಹೆಣವೂ ಸಿಗಲಿಲ್ಲ. ಅವರ ತಾಯಿ ದಾವೆ ಹೂಡಿದಳು, ಅಮೀನ ಆದೇಶ ಅಂಟಿಸಿ ಬಂದ. ಮಾಲೀಕ ಯಾವುದೋ ದೇಶದಲ್ಲಿ ತಲೆಮರೆಸಿಕೊಂಡ. ಸಾಕ್ಷಿ ಹೇಳಿದ ಮೇಲೆ ನಾವಿಕರು ಒಬ್ಬೊಬ್ಬರಾಗಿ ಮನೆ ಸೇರಿದರು. ಆದರೆ ಹಡಗನ್ನು ಖಾಲಿ ಬಿಡುವಂತಿರಲಿಲ್ಲ. ಗಾಳಿಗೆ ಲಂಗರು ಕಿತ್ತು ಬೇರೆ ಹಡಗಿನ ಮೇಲೆ ಬಿದ್ದರೆ ಯಾರು ಹೊಣೆ? ಕಾವಲಿಗೆ ಒಬ್ಬನಾದರೂ ಇರಲೇಬೇಕೆಂದು ಕೋರ್ಟು ಹೇಳಿತು. ಕ್ಯಾಪ್ಟನ್ ಹೊರಡುವ ಮುನ್ನ ಮುದುಕ ಅಡುಗೆಯವನ ಹೆಸರು ಕೊಟ್ಟು ಕೈತೊಳೆದುಕೊಂಡ. ಮುದುಕನ ಪಾಸ್‌ಪೋರ್ಟ್ ಕೋರ್ಟಿನ ಬೀರು ಸೇರಿತು.

ವರ್ಷ ಕಳೆದರೂ ದಾವೆ ಮುಗಿಯಲಿಲ್ಲ. ಗಾಜಿನ ಮೇಲಿನ ಕಾಗದ ಬಿಸಿಲಿಗೆ ಬೆಳ್ಳಗಾಗಿದೆ, ಹೊಸದು ಅಂಟಿಸಿ ಬಾ ಎಂದು ಅಮೀನನನ್ನು ಮತ್ತೆ ಕಳಿಸಿದರು. ಕೆಲಸ ಮುಗಿಸಿ ಅವನು ಅಡುಗೆಕೋಣೆಗೆ ಇಣುಕಿದಾಗ ಮಧ್ಯಾಹ್ನದ ಊಟದ ಹೊತ್ತು. ಮೇಜಿನ ಮೇಲೆ ಮೂರು ತಟ್ಟೆಗಳಿದ್ದವು.

"ನನ್ನದು ಊಟ ಆಯ್ತು ಯಜಮಾನ್ರೇ, ತೊಂದರೆ ತಗೋಬೇಡಿ," ಎಂದ ಅಮೀನ.

"ನಿಮಗಲ್ಲ ಸಾರ್," ಎಂದ ಮುದುಕ, ಸಂಕೋಚದಿಂದ. "ಅವರಿಬ್ಬರಿಗೆ."

"ಯಾರಿಗೆ?"

"ದೋಣಿಯವರಿಗೆ. ಅವತ್ತು ನಾನು ಹಿಂದುಗಡೆ ಕಸ ಚೆಲ್ತಾ ಇದ್ದೆ. ಚಿಕ್ಕವನು ನೀರಿಂದ ಕೈ ಎತ್ತಿದ್ದ. ಗಂಟಲು ಹರಿಯೋ ಹಾಗೆ ಕೂಗಿದೆ ಸಾರ್. ಇಷ್ಟು ದೊಡ್ಡ ಹಡಗು, ಕೂಗಿದ ತಕ್ಷಣ ನಿಲ್ಲುತ್ತಾ? ಎಲ್ಲರೂ ಹೊರಟುಹೋದ ಮೇಲೆ ಅವರು ಹತ್ತಿ ಬಂದರು. ಮಾತಿಲ್ಲ ಕತೆಯಿಲ್ಲ. ಪಾಪ, ಹಸಿದಿರ್ತಾರೆ."

ಅಮೀನ ಮೇಜಿನತ್ತ ತಿರುಗಿದ. ಆ ಎರಡು ತಟ್ಟೆಗಳ ಎದುರಿನ ಬೆಂಚು ನೀರಲ್ಲಿ ತೊಯ್ದಿತ್ತು. ಮೇಲೆ ಸೋರುತ್ತಿದೆಯೇ ಎಂದು ಕತ್ತೆತ್ತಿ ನೋಡಿದ. ತಗಡು ಒಣಗಿತ್ತು.

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅವನಿಗೆ ಆ ಮೂರು ತಟ್ಟೆ ನೆನಪಾಗುತ್ತಿತ್ತು. ಕಾಗದ ಅಂಟಿಸಿದ್ದು ಹಡಗಿಗೆ, ಅಂಟಿಕೊಂಡಿದ್ದು ಮುದುಕ. ಕೊನೆಗೆ ಸೀದಾ ನ್ಯಾಯಾಧೀಶರ ಕೊಠಡಿಗೆ ಹೋದ.

"ಸ್ವಾಮಿ, ಆ ಅಡುಗೆಯವರನ್ನ ಮನೆಗೆ ಕಳಿಸಿಬಿಡಿ."

"ಕಳಿಸೋಣ ಕಣ್ರೀ. ಕಾವಲಿಗೆ ಯಾರಿದ್ದಾರೆ?"

"ನನ್ನ ಹೆಸರು ಬರ್ಕೊಳ್ಳಿ."

ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಆಮೇಲೆ ಬರೆದುಕೊಂಡರು.

"ತಲೆಗಿಲೆ ಕೆಟ್ಟಿದೆಯೇನ್ರೀ ನಿಮಗೆ?" ಎಂದು ಹೆಂಡತಿ ರೇಗಾಡಿದಳು. ರೇಗಾಡುತ್ತಲೇ ಅವನ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು.

ಮುದುಕ ದೋಣಿಗೆ ಇಳಿಯುವಾಗ ಅಮೀನನ ಎರಡೂ ಕೈ ಹಿಡಿದುಕೊಂಡು, "ಅವರಿಗೆ ಉಪ್ಪು ಕಮ್ಮಿ ಹಾಕಿ ಸಾರ್," ಎಂದಷ್ಟೇ ಹೇಳಿದ. ಅಮೀನ ಮೊದಲ ದಿನ ಒಂದೇ ತಟ್ಟೆ ಇಟ್ಟುಕೊಂಡು ಉಂಡ. ಬೆನ್ನ ಹಿಂದೆ ಹೊಸ್ತಿಲ ಬಳಿ ಯಾರೋ ಕಾಯುತ್ತಾ ನಿಂತಂತಿತ್ತು. ತಿರುಗಿದರೆ ಯಾರೂ ಇಲ್ಲ. ಡೆಕ್ಕಿನಿಂದ ಹೊಸ್ತಿಲವರೆಗೆ ಒದ್ದೆ ಹೆಜ್ಜೆಗಳು, ಎರಡು ಅಳತೆಯವು. ಒಳಗೆ ಬಂದಿರಲಿಲ್ಲ. ಅವನು ಅನ್ನ ಅರ್ಧಕ್ಕೆ ಬಿಟ್ಟು ಎದ್ದ. ಮರುದಿನ ತಾನಾಗಿಯೇ ಇನ್ನೆರಡು ತಟ್ಟೆ ಇಳಿಸಿದ.

ಹೀಗೆ ತಿಂಗಳುಗಳು ಕಳೆದವು. ಕೊನೆಗೆ ತೀರ್ಪು ತಾಯಿಯ ಪರವಾಯಿತು. ಹಡಗು ಹರಾಜಾಗಿ, ಗುಜರಿಯವರು ಕೊಯ್ದು ತಗಡು ತಗಡು ಮಾಡಿ ಸಾಗಿಸಿದರು. ಅಮೀನ ಮನೆಗೆ ಬಂದ. ಅಲ್ಲಿ ಏನು ಕಂಡೆ ಎಂದು ಯಾರು ಕೇಳಿದರೂ ಬಾಯಿ ಬಿಡಲಿಲ್ಲ.

ಒಂದು ಸಂಜೆ ದೂರದಿಂದ ಫೋನ್ ಬಂತು. ಅಡುಗೆಯವನ ಮಗಳು. "ಅಪ್ಪ ಹಾಸಿಗೆ ಹಿಡಿದಿದ್ದಾರೆ. ನಿಮ್ಮ ಹತ್ರ ಮಾತಾಡಬೇಕು ಅಂತ ಒಂದೇ ಹಟ."

ಮುದುಕನ ಧ್ವನಿ ನೂಲಿನಷ್ಟು ಸಣ್ಣಗಾಗಿತ್ತು. "ಸಾರ್, ಹಡಗು ಇದೆಯಾ?"

"ಇದೆ ಯಜಮಾನ್ರೇ. ಇಲ್ಲೇ ಇದೆ."

"ನೀವು?"

"ಹಡಗಲ್ಲೇ ಇದ್ದೀನಿ. ನೀವು ನಿಶ್ಚಿಂತೆಯಿಂದ ಮಲಗಿ."

ಫೋನ್ ಇಟ್ಟಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಸಾಯೋ ಕಾಲದಲ್ಲಿರೋ ಮನುಷ್ಯನಿಗೆ ಸುಳ್ಳು ಹೇಳಿದ್ರಲ್ಲ!"

"ಹಡಗಿಲ್ಲ ಅಂದಿದ್ರೆ, ಆ ದೋಣಿ ಹುಡುಗರು ಎಲ್ಲಿಗೆ ಹೋದ್ರು ಅಂತ ಕೇಳ್ತಿದ್ದರು," ಎಂದ ಅಮೀನ. "ನನಗೇನು ಗೊತ್ತು ಹೇಳು?"

ಅವಳು ಬಂದು ಅವನ ಪಕ್ಕದಲ್ಲಿ ಕುಳಿತಳು.