ಎದುರಿಗೆ ಕೂತವರ ತಟ್ಟೆ

ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ಮೇಲೆ ನನ್ನನ್ನು ಹಿಡಿದುಕೊಂಡ ಭಯ ಒಂದೇ: ಒಳಗಿನ ಹೊಲಿಗೆ ಬಿಟ್ಟುಕೊಂಡರೆ ಏನು ಗತಿ? ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್. ದಿನವಿಡೀ ಹೊಲಿಗೆ ಎಳೆದೆಳೆದು ನೋಡಿ, ಸರಿಯಿಲ್ಲದಿದ್ದರೆ ಬಿಚ್ಚಿಸಿ, ಹುಡುಗಿಯರ ಮೇಲೆ ಕೂಗಾಡಿ ಸಂಬಳ ತೆಗೆದುಕೊಳ್ಳುವವಳು. ಎಂಥ ಒಳ್ಳೆ ಕೈಯ ಹೊಲಿಗೆಯೂ ಎಳೆದರೆ ಎಲ್ಲೋ ಒಂದು ಕಡೆ ಬಿಡುತ್ತದೆ. "ಹೆದರ್ಬೇಡಿ, ಗಟ್ಟಿಯಾಗಿ ಪಿನ್ ಹೊಡೆದಿದೀವಿ" ಎಂದು ಡಾಕ್ಟರು ನಕ್ಕರೆ ನನಗೆ ಇನ್ನಷ್ಟು ಪುಕುಪುಕು.

ಮಾಡಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಮೈಯ ಭಾರಕ್ಕೆ ಮಂಡಿ ಎರಡೂ ಹೋಗಿದ್ದವು. ಕಾರ್ಖಾನೆಯಲ್ಲಿ ಮೆಷಿನ್ನುಗಳ ಲೈನಿನ ಈ ತುದಿಯಿಂದ ಆ ತುದಿಗೆ ನಡೆದರೆ ಏದುಸಿರು. ಮಲಗಿದರೆ ಗೊರಕೆಯ ನಡುವೆ ಉಸಿರೇ ನಿಂತುಹೋಗುತ್ತಿತ್ತಂತೆ, ಗಂಡ ಅಲುಗಾಡಿಸಿ ಎಬ್ಬಿಸುತ್ತಿದ್ದರು. ಹೊಟ್ಟೆಯ ಚೀಲದ ಬಹುಪಾಲು ಕತ್ತರಿಸಿ ತೆಗೆದು ಒಂದು ಬಾಳೆಹಣ್ಣಿನಷ್ಟು ಉಳಿಸುತ್ತೇವೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದಾಗ ಮನೆಯಲ್ಲಿ ಎಲ್ಲರೂ ಒಪ್ಪಿದರು, ಅತ್ತೆಯೊಬ್ಬರನ್ನು ಬಿಟ್ಟು. "ದೇವ್ರು ಕೊಟ್ಟಿರೋ ಹೊಟ್ಟೇನ ಯಾರಾದ್ರೂ ಕೊಯ್ಸ್ಕೊಂಡಾರಾ?" ಎಂದರು. "ನಿಮ್ಮ ಮಗನಿಗೆ ನನ್ನ ಗೊರಕೆ ಸಾಕಾಗಿದೆಯಂತೆ ಅತ್ತೆ" ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ.

ತೂಬಗೆರೆ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಈಗ ಇರುವುದು ಮೂರೇ ಜನ. ಮಗಳು ಮದುವೆಯಾಗಿ ಹೊಸಕೋಟೆ ಕಡೆ ಹೋದಳು. ಗಂಡನ ಊಟ ಮೊದಲು ಮುಗಿಯುತ್ತದೆ, ಟೀವಿ ಮುಂದೆ. ಆಮೇಲೆ ಅಡುಗೆಮನೆಯಲ್ಲಿ ನಾವಿಬ್ಬರು ಎದುರುಬದುರು ಕೂರುತ್ತೇವೆ. ಅತ್ತೆ ಮಣೆಯ ಮೇಲೆ, ಮಂಡಿ ಮಡಿಸಲಾಗದ ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಮದುವೆಯಾಗಿ ಬಂದಾಗಿನಿಂದ ಇದೇ ಪದ್ಧತಿ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಅವರದೂ ಅಲ್ಲ. ಆದರೆ ಬೆಳಿಗ್ಗೆ ಎಷ್ಟೇ ಜಗಳವಾಗಿದ್ದರೂ ರಾತ್ರಿ ಊಟಕ್ಕೆ ಒಬ್ಬರನ್ನು ಬಿಟ್ಟು ಒಬ್ಬರು ಕೂತದ್ದಿಲ್ಲ.

ಆಸ್ಪತ್ರೆಯಲ್ಲಿ ಊಟದ ಕ್ರಮ ಹೇಳಿಕೊಡಲು ಒಬ್ಬಳು ಹುಡುಗಿ ಇದ್ದಳು. "ಆಂಟಿ, ಮೊದಲು ಗಂಜಿ, ಬೇಳೆಕಟ್ಟು, ಮಜ್ಜಿಗೆ. ಆಮೇಲೆ ಮೆತ್ತಗೆ ಕಿವುಚಿದ್ದು. ಚಿಕ್ಕ ಚಮಚದಲ್ಲಿ ತಗೊಂಡು ಬಾಯಲ್ಲೇ ಪೇಸ್ಟ್ ಆಗೋವರೆಗೂ ಅಗೀಬೇಕು. ಸಾಕು ಅನಿಸಿದ ತಕ್ಷಣ ನಿಲ್ಲಿಸ್ಬಿಡಿ, ಇನ್ನೊಂದು ಚಮಚ ಅಂತ ಹೋಗ್ಬೇಡಿ." ನಾನು ಮುದ್ದೆ ಯಾವಾಗ ತಿನ್ನಬಹುದು ಎಂದು ಕೇಳಿದೆ. ಅಗಿದು ತಿಂತೀರಾ ಎಂದಳು. ನನಗೆ ನಗು ಬಂದು ಹೊಟ್ಟೆ ಹಿಡಿದುಕೊಳ್ಳಬೇಕಾಯಿತು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಮುರಿದು, ಸಾರಲ್ಲಿ ಹೊರಳಿಸಿ, ಗುಳುಂ ಎಂದು ನುಂಗುವುದು. "ಹಾಗಾದ್ರೆ ಸದ್ಯಕ್ಕೆ ಅದನ್ನ ಮರೆತುಬಿಡಿ" ಎಂದಳು.

ಮನೆಗೆ ಬಂದ ಮೇಲೆ ಊಟ ಅನ್ನುವುದು ಪರೀಕ್ಷೆಯಾಯಿತು. ಒಂದು ಚಮಚ ಬಾಯಿಗಿಡುವುದು, ಅಗಿಯುವುದು, ನುಂಗುವುದು, ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುವುದು. ಇಳಿಯಿತಾ? ಎಲ್ಲಾದರೂ ಚುಚ್ಚಿತಾ? ಬಿಕ್ಕಳಿಕೆ ಬಂದರೆ ಭಯ, ಕೆಮ್ಮು ಬಂದರೆ ಭಯ. ಒಂದು ಸಲ ಸೀನು ಬರುವ ಹಾಗಾದಾಗ ಎರಡು ಕೈಯಲ್ಲೂ ಹೊಟ್ಟೆ ಅದುಮಿಕೊಂಡು ಗೋಡೆಗೆ ಒರಗಿ ನಿಂತೆ. ಗಂಡ ಓಡಿಬಂದು ಏನಾಯ್ತೇ ಎಂದರು. ಸೀನು ಎಂದೆ. ಅವರು ನಗಬೇಕೋ ಬೇಡವೋ ತಿಳಿಯದೆ ನಿಂತರು.

ಹೀಗೆ ನನ್ನ ಬಟ್ಟಲನ್ನೇ ನೋಡುತ್ತಾ ಕೂತಿದ್ದವಳಿಗೆ ಒಂದು ದಿನ ಎದುರಿನ ತಟ್ಟೆ ಕಣ್ಣಿಗೆ ಬಿತ್ತು. ಅತ್ತೆ ಚೆನ್ನಾಗಿ ಉಣ್ಣುವವರು. ವಯಸ್ಸಾದರೂ ಹೊತ್ತಿಗೊಂದು ದುಂಡನೆಯ ಮುದ್ದೆ ಬೇಕೇ ಬೇಕು. ಆ ದಿನ ತಟ್ಟೆಯಲ್ಲಿ ಅರ್ಧವೇ ಇತ್ತು. ಯಾಕತ್ತೆ ಎಂದರೆ "ಯಾಕೋ ಹಸಿವಿಲ್ಲ ಕಣಮ್ಮ" ಎಂದರು. ಮರುದಿನ ಕಾಲು ಭಾಗ. ಆಮೇಲೆ ಒಂದು ನಿಂಬೆಹಣ್ಣಿನಷ್ಟು. ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಊಟಕ್ಕೆ ಮುಂಚೆ ಮಾತ್ರೆ ನುಂಗುತ್ತಾರೆ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಈ ಮುದುಕಿ ಹೀಗೆ ಮಾಡುತ್ತಿದ್ದಾರಲ್ಲ ಎಂದು ನನಗೆ ರೇಗಿಹೋಯಿತು.

ಕಾರಣ ಸಿಕ್ಕಿದ್ದು ಕಿಟಕಿಯಿಂದ. ಪಕ್ಕದ ಮನೆಯಾಕೆಯ ಜೊತೆ ಅತ್ತೆ ಹಿತ್ತಲಲ್ಲಿ ಮಾತಾಡುತ್ತಿದ್ದರು. "ಎದುರಿಗೆ ಕೂತ್ಕೊಂಡು ಮಗು ಹಂಗೆ ಎರಡು ಚಮಚ ನೆಕ್ತಾವ್ಳೆ. ನಾನು ಗುಂಡ್ಕಲ್ಲಿನಂಥ ಮುದ್ದೆ ಇಟ್ಕೊಂಡು ಹೆಂಗವ್ವ ನುಂಗ್ಲಿ? ಗಂಟ್ಲಲ್ಲಿ ಇಳೀಬೇಕಲ್ಲ." ಪಕ್ಕದಾಕೆ "ಅದೂ ನಿಜ ಬಿಡಿ" ಎಂದಳು. ನಿಜವಂತೆ ನಿಜ! ಕಿಟಕಿಯಿಂದಲೇ ಕೂಗಬೇಕೆನ್ನಿಸಿತು. ಕೂಗಿದರೆ ಹೊಟ್ಟೆ ಎಳೆಯುತ್ತದೆಂದು ಸುಮ್ಮನಾದೆ.

ಆ ವಾರವೇ ಆಯಿತು. ಮಧ್ಯಾಹ್ನ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಕೈ ನಡುಗತೊಡಗಿತು. ಹಣೆಯಿಂದ ಬೆವರು ದಳದಳ ಇಳಿಯುತ್ತಿತ್ತು. ಅತ್ತೆ ಎಂದರೆ ನನ್ನನ್ನು ನೋಡಿದರು, ಗುರುತು ಸಿಕ್ಕಿದಂತೆ ಕಾಣಲಿಲ್ಲ. ಭಾರ ಎತ್ತಬಾರದೆಂದು ನನಗೆ ಕಟ್ಟಪ್ಪಣೆ ಇತ್ತು, ಆದರೂ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಡನನ್ನು ಕೂಗಿದೆ. ಕೊಟ್ಟಿಗೆಯಲ್ಲಿದ್ದ ಅವರು ಓಡಿಬಂದು ಸಕ್ಕರೆ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ಅತ್ತೆ "ಯಾಕ್ರಲಾ ಎಲ್ಲಾ ಹಿಂಗೆ ನೋಡ್ತಿದೀರಾ?" ಎಂದರು.

ಊರಿನ ಡಾಕ್ಟರು ಮಾತ್ರೆ ಕಮ್ಮಿ ಮಾಡಿದರು, ಬೈದು ಕಳಿಸಿದರು. "ಈ ಸಲ ಮನೇಲಿ ಜನ ಇದ್ರು, ಸರಿಹೋಯ್ತು. ನಿದ್ದೇಲಿ ಹಿಂಗಾದ್ರೆ ಎಬ್ಬಿಸೋಕೂ ಆಗಲ್ಲ ಅಜ್ಜಿ. ಊಟ ಬಿಡೋ ಹಂಗೇ ಇಲ್ಲ." ಅತ್ತೆ ಆಗಲಿ ಆಗಲಿ ಎಂದು ತಲೆಯಾಡಿಸಿದರು. ಮನೆಗೆ ಬಂದು ಅದೇ ನಿಂಬೆಹಣ್ಣು.

ಏನೇನು ಮಾಡಲಿಲ್ಲ ನಾನು! ನನ್ನದು ಮೊದಲೇ ಆಯಿತು ಎಂದು ಸುಳ್ಳು ಹೇಳಿದೆ, ಒಣಗಿದ್ದ ನನ್ನ ಬಟ್ಟಲನ್ನು ಹುಡುಕಿ ತೋರಿಸಿದರು. ನಾನು ಕೋಣೆಯಲ್ಲಿ ತಿನ್ನುತ್ತೇನೆ, ನೀವು ಆರಾಮವಾಗಿ ಉಣ್ಣಿ ಎಂದೆ, ಬಾಗಿಲಲ್ಲಿ ಬಂದು ನಿಂತರು. ಗಂಡನನ್ನು ಎದುರಿಗೆ ಕೂರಿಸಿದೆ. ಅಮ್ಮ ಉಂಡರು ಎಂದು ಅವರು ಎದ್ದು ಬಂದರು, ಹಿತ್ತಲಿಗೆ ಹೋಗಿ ನೋಡಿದರೆ ಬೀದಿ ನಾಯಿ ಆ ಮುದ್ದೆ ತಿನ್ನುತ್ತಿತ್ತು. ರಾತ್ರಿ ಮಲಗಿದಾಗ ಪಕ್ಕದ ಕೋಣೆಯಿಂದ ಅತ್ತೆಯ ಕೆಮ್ಮು ಕೇಳಿದರೆ ಸಮಾಧಾನ, ಕೇಳದಿದ್ದರೆ ಎದ್ದು ಹೋಗಿ ನೋಡುವುದು. ನನ್ನ ಹೊಟ್ಟೆಯ ಹೊಲಿಗೆಯ ಚಿಂತೆ ಯಾವಾಗ ಬಿಟ್ಟುಹೋಯಿತೋ ಗೊತ್ತಿಲ್ಲ. ಈ ಮುದುಕಿ ಉಂಡು ಮಲಗಿದ್ದಾರಾ ಇಲ್ಲವಾ ಅನ್ನುವುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಕೊನೆಗೊಂದು ದಿನ ಸಂಜೆ ಕೇಳಿಯೇಬಿಟ್ಟೆ. "ನಾನು ಏನು ಮಾಡಿದ್ರೆ ನೀವು ಉಣ್ತೀರಾ?"

"ನೀನು ಒಂದು ತುತ್ತು ಮುದ್ದೆ ತಿನ್ನು. ಆಮೇಲೆ ನಾನು ತಿಂತೀನಿ."

"ನನಗೆ ಇನ್ನೂ ಮುದ್ದೆ ತಿನ್ನೋಕೆ ಹೇಳಿಲ್ಲ ಅತ್ತೆ, ಡಾಕ್ಟರು ಬೈತಾರೆ."

"ಒಂದು ತುತ್ತಿಗೆ ಏನೂ ಆಗಲ್ಲ ಕಣಮ್ಮ. ರಾಗಿ ಅದು."

ಒಂದು ತುತ್ತು ತಾನೇ, ಅಗಿದು ತಿಂದರಾಯಿತು ಎಂದುಕೊಂಡೆ. ಅವರ ತಟ್ಟೆಯಿಂದಲೇ ಮುರಿದು ಬಸ್ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಎಷ್ಟು ದಿನದ ಮೇಲೆ ಆ ರುಚಿ! ನಾಲಿಗೆಗೆ ತಾಗಿದ್ದೇ ತಡ, ಅಗಿಯುವುದು ಮರೆತೇಹೋಯಿತು. ಗಂಟಲು ತನ್ನ ಹಳೆಯ ಅಭ್ಯಾಸದಂತೆ ಅದನ್ನು ಒಳಗೆಳೆದುಕೊಂಡುಬಿಟ್ಟಿತು. ಇಳಿಯಿತು, ಎದೆಯ ನಡುವೆ ನಿಂತಿತು. ಆಮೇಲೆ ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ಗೂಟ ಹೊಡೆದ ಹಾಗೆ ನೋವು. ಬಾಯಿ ತುಂಬ ನೊರೆನೊರೆ ಜೊಲ್ಲು, ನುಂಗಲಾಗದೆ ಸೆರಗಿಗೆ ಉಗಿಯುತ್ತಿದ್ದೆ. ಮುಗಿಯಿತು ನನ್ನ ಕಥೆ, ಈಗ ಹೊಲಿಗೆ ಬಿಡುತ್ತದೆ ಎಂದುಕೊಂಡೆ. ಗಂಡ ಕಾರು ತೆಗೆದರು. ಅತ್ತೆ ಬಾಗಿಲಲ್ಲಿ ನಿಂತು "ಅಯ್ಯೋ ನನ್ನ ಬಾಯಿಗೆ ಮಣ್ಣಾಕ" ಎಂದು ತಮ್ಮ ಬಾಯಿಗೇ ಬಡಿದುಕೊಳ್ಳುತ್ತಿದ್ದರು.

ಕೆರೆ ಏರಿ ದಾಟುವಷ್ಟರಲ್ಲಿ ವಾಂತಿಯಾಯಿತು. ಅದು ಹೊರಗೆ ಬಿದ್ದದ್ದೇ ನೋವು ಇಳಿಯಿತು. ಗಂಡ ರಸ್ತೆ ಪಕ್ಕ ನಿಲ್ಲಿಸಿ ಆಸ್ಪತ್ರೆಗೆ ಫೋನು ಮಾಡಿದರು. ನೋವು ನಿಂತಿದ್ದರೆ ಈ ರಾತ್ರಿ ಏನೂ ಕೊಡಬೇಡಿ, ನಾಳೆಯಿಂದ ಮತ್ತೆ ಗಂಜಿ, ಮತ್ತೆ ನೋವು ಬಂದರೆ ತಕ್ಷಣ ಕರೆತನ್ನಿ ಎಂದರಂತೆ. ವಾಪಸ್ಸು ಬಂದೆವು. ಅತ್ತೆ ನನ್ನ ಮುಖ ನೋಡಲಿಲ್ಲ.

ಅಲ್ಲಿಗೆ ನಿಂಬೆಹಣ್ಣೂ ಹೋಯಿತು. ಮರುದಿನದಿಂದ ಅತ್ತೆಗೆ ಒಂದು ಲೋಟ ಅಂಬಲಿ, ಅದೂ ಮಗ ಎದುರಿಗೆ ನಿಂತು ಗದರಿದರೆ. ಮಾತ್ರೆಯನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ತಪ್ಪಿಸಲ್ಲ ಎಂದು ಮಗನಿಗೆ ಮಾತು ಕೊಟ್ಟಿದ್ದಾರಂತೆ! ಅವರ ಕೆನ್ನೆ ಒಳಕ್ಕೆ ಹೋಗಿತ್ತು. ಹೀಗೇ ಬಿಟ್ಟರೆ ಇವರು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಹೊಟ್ಟೆ ಮತ್ತೆ ಸುಧಾರಿಸಿ ಕಿವುಚಿದ ಬೇಳೆ ತಿನ್ನುವಂತಾದ ದಿನ, ಮಧ್ಯಾಹ್ನ ನಾನೇ ಮುದ್ದೆ ಕಟ್ಟಿದೆ. ಗಂಡ ತೋಟಕ್ಕೆ ಹೋಗಿದ್ದರು. ಅತ್ತೆಯನ್ನು ಕೈಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿ, ಕುರ್ಚಿ ಆಚೆ ಸರಿಸಿ, ಗೋಡೆ ಹಿಡಿದುಕೊಂಡು ನೆಲದ ಮೇಲೆ ಕಾಲು ಚಾಚಿ ಕೂತೆ. ಮುದ್ದೆಯ ತಟ್ಟೆಯನ್ನು ಅವರ ಮುಂದಿಟ್ಟೆ. ಅವರು ದೂರ ತಳ್ಳಿದರು.

"ಏನತ್ತೆ, ಸಾಯಬೇಕು ಅಂತ ಇದೀರಾ? ಹೇಳಿಬಿಡಿ, ನನಗೂ ಸಾಕಾಗಿದೆ" ಎಂದು ಕೂಗಿಯೇ ಬಿಟ್ಟೆ. ಕೂಗಿದ ಮೇಲೆ ಅಳು ಬಂತು.

ಅತ್ತೆ ನೆಲ ನೋಡುತ್ತಾ ಹೇಳಿದರು. "ನಿನ್ನ ಹೊಟ್ಟೆ ಕೊಯ್ಸಿದ್ದು ನಾನೇ ಕಣಮ್ಮ."

ನನಗೆ ಅರ್ಥವಾಗಲಿಲ್ಲ.

"ದಿನಾ ಕೊನೇಲಿ ಒಂದು ಮುದ್ದೆ ಮಿಕ್ಕೋದು ನೋಡು. ಬಿಸಾಕೋಕಾಯ್ತದಾ, ತಿಂದ್ಬಿಡು ಅಂತ ನಿನ್ನ ತಟ್ಟೆಗೆ ಹಾಕ್ತಿದ್ನಲ್ಲ. ಅದು ಮಿಕ್ಕಿದ್ದಲ್ಲ. ಬೇಕು ಅಂತ್ಲೇ ಒಂದು ಜಾಸ್ತಿ ಕಟ್ತಿದ್ದೆ. ನಾನು ಈ ಮನೆಗೆ ಬಂದಾಗ ಗಂಡಸ್ರೆಲ್ಲ ಉಂಡು, ನಮ್ಮತ್ತೆ ಉಂಡು, ಕೊನೇಗೆ ನಂಗೆ ಪಾತ್ರೆ ತಳ. ಹೊಟ್ಟೆ ತುಂಬ ಉಂಡಿದ್ದು ನೆಪ್ಪೇ ಇಲ್ಲ. ನನ್ನ ಸೊಸೆಗೆ ಹಂಗಾಗ್ಬಾರ್ದು, ಮಿಕ್ಕೋ ಅಷ್ಟು ಇರ್ಬೇಕು ಅಂತಿತ್ತು. ಹಾಕ್ದೆ. ಹಾಕಿ ಹಾಕಿ ನಿಂಗೆ ಈ ಗತಿ ತಂದೆ. ಈಗ ನಿನ್ನ ಎದುರಿಗೇ ನಾನು ಉಂಡ್ರೆ ಅದು ಮೈಗೆ ಹತ್ತುತ್ತಾ?"

ಇಷ್ಟು ವರ್ಷ ಅದನ್ನು ಮಿಕ್ಕಿದ ಮುದ್ದೆ ಎಂದೇ ತಿಂದಿದ್ದೆ. ಕೆಲವು ದಿನ ಗೊಣಗಿಕೊಂಡೇ ತಿಂದಿದ್ದೆ, ಮಿಕ್ಕಿದ್ದಕ್ಕೆಲ್ಲ ನಾನೇ ಸಿಗುತ್ತೇನಾ ಎಂದು.

"ಅತ್ತೆ, ಇಲ್ಲಿ ನೋಡಿ" ಎಂದೆ. "ನನ್ನ ಜೊತೆ ಕೆಲಸ ಮಾಡೋ ಹುಡುಗೀರು ಸಂಜೆ ಬಸ್ಸಲ್ಲೇ ಬನ್ನೋ ಬಿಸ್ಕತ್ತೋ ತಿಂದ್ಕೊಂಡು ಹೋಗ್ತಾರೆ. ಮನೇಲಿ ಏನು ಉಳಿದಿರುತ್ತೋ ಅಂತ ಅವರಿಗೆ ಭಯ. ನನಗೆ ಒಂದು ದಿನವೂ ಆ ಭಯ ಇರಲಿಲ್ಲ. ಈ ಮೈ ನಾನು ಬೆಳೆಸ್ಕೊಂಡಿದ್ದು, ಅದರಲ್ಲಿ ನಿಮ್ಮ ಪಾಲು ಇದ್ದರೆ ಇರಲಿ ಬಿಡಿ. ಆದರೆ ನನ್ನನ್ನ ಹಸಿದು ಮಲಗೋಕೆ ಬಿಡದೆ ಇದ್ದೋರು, ನನ್ನಿಂದ ಹಸಿದು ಮಲಗಿದ್ರೆ ನಾನು ಯಾವ ಬಾಯಲ್ಲಿ ಊಟ ಮಾಡ್ಲಿ? ನಂಗೆ ಈಗ ಹಸಿವೇ ಆಗಲ್ಲ ಅತ್ತೆ. ನಿಮ್ಮಾಣೆ. ಎರಡು ಚಮಚಕ್ಕೇ ಹೊಟ್ಟೆ ತುಂಬುತ್ತೆ. ನಾನು ಉಪವಾಸ ಇಲ್ಲ."

ನಾನು ತಟ್ಟೆಯನ್ನು ಮತ್ತೆ ಅವರ ಮುಂದಕ್ಕೆ ತಳ್ಳಿ, ನನ್ನ ಬಟ್ಟಲಿನಿಂದ ಒಂದು ಚಮಚ ಬೇಳೆ ಬಾಯಿಗಿಟ್ಟು ಅಗಿಯತೊಡಗಿದೆ. ಅತ್ತೆ ಮುದ್ದೆ ಮುರಿದರು. ಸಾರಿನಲ್ಲಿ ಅದ್ದಿದರು. ನುಂಗಿದರು. ಇನ್ನೊಂದು ತುತ್ತು. ನಾನು ಆ ತಟ್ಟೆಯನ್ನೇ ನೋಡುತ್ತಿದ್ದೆ. ಅರ್ಧ ಮುಗಿಯಿತು. ಸಾರು ಹಾಕು ಎಂದರು, ಹಾಕಿದೆ. ಪೂರ್ತಿ ಮುಗಿಯಿತು.

ನನ್ನ ಬಟ್ಟಲಲ್ಲಿ ಇನ್ನೂ ಸ್ವಲ್ಪ ಬೇಳೆ ಉಳಿದಿತ್ತು. ಹೊಟ್ಟೆ ಸಾಕು ಅಂದಿತ್ತು, ಚಮಚ ಕೆಳಗಿಟ್ಟೆ. ಅತ್ತೆಯ ಕಣ್ಣು ಬಟ್ಟಲಿನ ಮೇಲೆ ಹೋಯಿತು. ಇನ್ನೊಂದು ಚಮಚ ತಿನ್ನು ಎನ್ನುತ್ತಾರೇನೋ ಎಂದು ಹೆದರಿದೆ. ಅವರು ಏನೂ ಅನ್ನದೆ ಕೈ ಚಾಚಿ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಅಯ್ಯೋ ಅತ್ತೆ, ಅದು ನನ್ನ ಎಂಜಲು" ಎಂದೆ. ಸೊಸೆಯ ಎಂಜಲನ್ನು ಅತ್ತೆ ಮುಟ್ಟಿದ್ದನ್ನು ನಮ್ಮ ಕಡೆ ನಾನು ಯಾರ ಮನೆಯಲ್ಲೂ ನೋಡಿಲ್ಲ.

"ಬಿಸಾಕೋಕಾಯ್ತದಾ" ಎಂದು ಅವರು ಅದನ್ನು ತಮ್ಮ ತಟ್ಟೆಗೆ ಸುರಿದುಕೊಂಡು, ಬೆರಳಿನಿಂದ ಬಳಿದು ಬಳಿದು ತಿಂದರು.