ಸಹಿ ಹಾಕದ ತಂಗಿ

ಸೌದಿಯ ಹಫ್ರ್ ಅಲ್ ಬಾತಿನ್‌ನಲ್ಲಿ ಹಳೇ ಕಾರು ಕೊಳ್ಳಬೇಕೆಂದರೆ ನಮ್ಮವರೆಲ್ಲ ಕಾಸಿಂಕಾಕನ ದುಂಬಾಲು ಬೀಳುತ್ತಿದ್ದರು. ವಿಟ್ಲದ ಕಡೆಯ ಕಾಕ ಅಲ್ಲಿನ ಕಾರು ಹರಾಜಿನ ಅಂಗಳದಲ್ಲಿ ಕೆಲಸಕ್ಕಿದ್ದರು. ಇಂಜಿನ್ ನೋಡುವ ಮೊದಲೇ, ಗಾಡಿಯ ಮೇಲೆ ಪೊಲೀಸ್ ದಂಡ ಬಾಕಿ ಇದೆಯೇ, ಮಾರುವವನು ನಿಜವಾದ ಮಾಲೀಕನೇ ಎಂದು ವಿಚಾರಿಸುತ್ತಿದ್ದರು. ನಾನು ಹಾಸನದ ಶ್ರೀನಾಥ, ಕಾಕ ವಾಸವಿದ್ದ ಕಟ್ಟಡದಲ್ಲೇ ಮೇಲಿನ ಕೋಣೆಯಲ್ಲಿದ್ದ ಅಕೌಂಟೆಂಟ್. ಇದೇ ಪ್ರಶ್ನೆಗಳಿಂದ ಅವರು ನನ್ನ ಕಾರಿನ ಆಸೆಗೆ ಎಷ್ಟೋ ಸಲ ತಣ್ಣೀರು ಎರಚಿ, ಕೊನೆಗೊಮ್ಮೆ ಒಳ್ಳೆಯದನ್ನೇ ಕೊಡಿಸಿದ್ದರು.

ಇಂಥ ಮನುಷ್ಯ 2014ರಲ್ಲಿ ಊರಿನ ಕಡೆಯ ಒಂದು ಮನೆಯ ಫೋಟೊ ನೋಡಿ ಮರುಳಾದರು. ಸಾಲ ತೀರದ್ದಕ್ಕೆ ಬ್ಯಾಂಕು ಜಪ್ತಿ ಮಾಡಿ ಹರಾಜಿಗಿಟ್ಟಿದ್ದ ಮನೆ. ಹೆಂಚಿನ ಮಾಡು, ಬಾವಿ, ಹತ್ತಿರದಲ್ಲೇ ಮಸೀದಿ. ಬೆಲೆ ಪೇಟೆಯ ಬೆಲೆಗಿಂತ ಎಷ್ಟೋ ಕಡಿಮೆ. ಊರಿನಲ್ಲಿ ಅವರ ಹೆಂಡತಿ ರಮ್ಲತ್ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಹೊತ್ತು ಸೋತಿದ್ದರು. ಕಾಕನ ಗಲ್ಫ್ ದುಡಿಮೆಯೆಲ್ಲ ಇದೊಂದು ಮನೆಗೆ ಸರಿಹೋಗುತ್ತಿತ್ತು. ಕೈಸುಟ್ಟುಕೊಂಡರೆ ಮತ್ತೆ ದುಡಿಯುವ ವಯಸ್ಸು ಉಳಿದಿರಲಿಲ್ಲ.

"ದಾಖಲೆ ನೋಡಿಸಿದ್ರಾ ಕಾಕ?" ಎಂದು ಕೇಳಿದೆ.

"ವಕೀಲರು ನೋಡಿದ್ದಾರೆ ಮಾರಾಯ. ಇಸಿ ಕ್ಲೀನ್ ಉಂಟು. ಬ್ಯಾಂಕಿನದ್ದು ಬಿಟ್ರೆ ಬೇರೆ ಸಾಲ ಇಲ್ಲ, ತೆರಿಗೆ ಬಾಕಿ ಇಲ್ಲ. ಇನ್ನೆಂತ ಬೇಕು ನಿನಗೆ?"

ಇಸಿ ಎಂದರೆ ಋಣಭಾರ ಪತ್ರ. ನೋಂದಣಿಯಾದ ಸಾಲ, ಮಾರಾಟಗಳು ಅದರಲ್ಲಿ ಕಾಣುತ್ತವೆ, ನೋಂದಣಿಯೇ ಆಗದ ಹಕ್ಕು ಕಾಣುವುದಿಲ್ಲ. ಬ್ಯಾಂಕಂತೂ ಮನೆಯನ್ನು ಇದ್ದ ಹಾಗೇ ಮಾರುತ್ತದೆ, ಆಮೇಲಿನ ತಕರಾರು ಕೊಂಡವನ ತಲೆಗೆ. ಇದನ್ನೆಲ್ಲ ಹೇಳಿದ್ದಕ್ಕೆ ಕಾಕ ನನ್ನನ್ನು ಅಪಶಕುನದವನೆಂದು ಬೈದರು. ನನಗೂ ರೇಗಿತು.

"ಹಳೇ ಕ್ಯಾಮ್ರಿ ಕಾರು ತಗೊಳ್ಳೋಕೆ ಹತ್ತು ಜನರನ್ನ ವಿಚಾರಿಸ್ತೀರಿ, ಮನೆ ತಗೊಳ್ಳೋಕೆ ಫೋಟೊ ಸಾಕಾ?" ಎಂದು ಬಾಗಿಲು ಬಡಿದು ಮೆಟ್ಟಿಲು ಹತ್ತಿದೆ.

ಮಾತು ನಾಟಿರಬೇಕು. ಶುಕ್ರವಾರ ನಮಾಜ್ ಮುಗಿಸಿ ಊರಿನವರು ಊಟಕ್ಕೆ ಸೇರಿದಾಗ ಕಾಕ ಆ ಫೋಟೊವನ್ನು ಒಬ್ಬೊಬ್ಬರಿಗೂ ತೋರಿಸಿದರು. ದಕ್ಷಿಣ ಕನ್ನಡದ ಯಾವ ಮನೆಯಾದರೂ ಸರಿ, ಸೌದಿಯಲ್ಲಿ ಅದರ ನೆಂಟರೊಬ್ಬರು ಇದ್ದೇ ಇರುತ್ತಾರೆ. ಬೇಕರಿಯ ಮುನವ್ವರ್ ಬಾಯಿಗೆ ಎತ್ತಿದ ತುತ್ತನ್ನು ಕೆಳಗಿಟ್ಟ.

"ಇದು ಹಲೀಮತ್‌ನ ತವರುಮನೆ ಅಲ್ವಾ ಕಾಕ? ಅವಳ ಗಂಡ ಆಶಿಕ್ ದಹ್ರಾನ್‌ನಲ್ಲಿ ಟೆಕ್ನಿಷಿಯನ್."

ಕಾಕನ ಮುಖ ಬಿಳಿಚಿಕೊಂಡಿತು. ಆ ಮನೆ ಅಡವಿಟ್ಟವರು ಮೂವರು ಅಣ್ಣತಮ್ಮಂದಿರು. ತೀರಿಹೋದ ತಂದೆಗೆ ತಾವಷ್ಟೇ ವಾರಸುದಾರರು ಎಂದು ಬ್ಯಾಂಕಿಗೆ ಬರೆದುಕೊಟ್ಟಿದ್ದರು. ಮಗಳಿಗೂ ಪಾಲುಂಟೆಂದು ಕಾಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಪಾಲನ್ನು ಅಣ್ಣಂದಿರು ಅಡವಿಡುವಂತಿಲ್ಲ, ಬ್ಯಾಂಕು ಮಾರುವಂತೆಯೂ ಇಲ್ಲ.

ಅವಳು ಪಾಲು ಬಿಟ್ಟುಕೊಟ್ಟು ಸಹಿ ಹಾಕಿದ್ದಾಳೋ ಇಲ್ಲವೋ, ಇದು ಫೋನಿನಲ್ಲಿ ಕೇಳುವ ವಿಷಯವಲ್ಲ ಎಂದು ಮರುದಿನವೇ ನನ್ನ ಕಾರಿನಲ್ಲಿ ದಹ್ರಾನ್‌ಗೆ ಹೊರಟೆವು. ದಾರಿಯುದ್ದಕ್ಕೂ ಕಾಕ ಆ ಫೋಟೊವನ್ನೇ ತೆಗೆತೆಗೆದು ನೋಡುತ್ತಿದ್ದರು. ಆಶಿಕ್ ಚಹಾ ತಂದಿಟ್ಟು ಹೆಂಡತಿಯನ್ನು ಕರೆದ. ಹಲೀಮತ್ ಮತ್ತು ಕಾಕ ಬ್ಯಾರಿ ಭಾಷೆಯಲ್ಲಿ ಮಾತಾಡುತ್ತ ನನಗೋಸ್ಕರ ನಡುನಡುವೆ ಕನ್ನಡಕ್ಕೆ ಬರುತ್ತಿದ್ದರು.

"ನಮ್ಮ ಮನೆ ಹರಾಜಾ?" ಹಲೀಮತ್ ಕಾಕನ ಕೈಯಿಂದ ಫೋಟೊ ತೆಗೆದುಕೊಂಡರು. "ಅಣ್ಣಂದಿರು ಒಂದು ಮಾತು ಹೇಳ್ಲಿಲ್ಲ. ನಾನು ಯಾವುದಕ್ಕೂ ಸಹಿ ಹಾಕ್ಲಿಲ್ಲ."

"ನೋಡು ತಂಗಿ, ನೀನು ಬೇಡ ಅಂದ್ರೆ ನಾನು ಆ ಮನೆಗೆ ಕೈ ಹಾಕುವುದಿಲ್ಲ," ಎಂದರು ಕಾಕ. ಅವರ ಚಹಾ ಆರಿಹೋಗಿತ್ತು.

ಹಲೀಮತ್ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನನ್ನೂ ಕೇಳ್ಬೇಕು ಅಂತ ಬಂದವರು ನೀವೇ ಮೊದಲು. ಸಾಲ ಉಂಟಲ್ಲ, ಮನೆ ಹೇಗೂ ಹೋಗ್ತದೆ. ಹೋಗುವುದಾದ್ರೆ ಸರಿಯಾಗಿ ಹೋಗ್ಲಿ ಕಾಕ. ನಿಮಗೇ ಹೋಗ್ಲಿ."

ಹಿಂದಿರುಗುವಾಗ ಕಾಕ ಬಾಯಿ ತೆರೆದು ಗೊರಕೆ ಹೊಡೆದರು. ಆ ಗೊರಕೆ ಕೇಳಿ ನನಗೂ ಜೀವ ಬಂದಂತಾಯಿತು.

ಹಲೀಮತ್ ವಕೀಲರ ಮೂಲಕ ತಕರಾರು ಹಾಕಿದ ಮೇಲೆ ಹರಾಜು ನಿಂತಿತು. ಅಣ್ಣಂದಿರನ್ನು ಮಾತಿಗೆ ಕೂರಿಸಲು ವರ್ಷವೇ ಹಿಡಿಯಿತು. ಕೊನೆಗೆ ಕಾಕ ಕೊಟ್ಟ ಹಣದಲ್ಲಿ ಬ್ಯಾಂಕಿನ ಸಾಲ ತೀರಿ, ಹಲೀಮತ್‌ಗೆ ಪಾಲಿನ ಹಣ ಸೇರಿ, ಒಡಹುಟ್ಟಿದ ನಾಲ್ವರೂ ಕಾಕನ ಹೆಸರಿನ ಕ್ರಯಪತ್ರಕ್ಕೆ ಸಹಿ ಹಾಕಿದರು. ರಜೆಯ ಮೇಲೆ ಊರಿಗೆ ಹೋಗಿದ್ದ ಕಾಕ ಆ ಸಂಜೆಯೇ ಫೋನ್ ಮಾಡಿದರು. ಅಳುತ್ತಲೇ ಮಾತಾಡಿದರು.

"ಸಹಿ ಮುಗಿಸಿ ಎಲ್ಲ ಮನೆಗೆ ಬಂದ್ರೆ, ಹಲೀಮತ್ ನೆಂಟರ ಹಾಗೆ ಹೊರಗೇ ನಿಂತಿದ್ದಳು ಮಾರಾಯ. ರಮ್ಲತ್ ಅವಳ ಕೈ ಹಿಡಿದು, 'ಇದು ನಿಮ್ಮ ತವರು, ಮೊದಲು ನೀವೇ ಬನ್ನಿ' ಅಂತ ಒಳಗೆ ಕರಕೊಂಡು ಹೋದಳು."

"ಮನೆ ಸಿಕ್ಕಿತಲ್ಲ ಕಾಕ, ಈಗ್ಯಾಕೆ ಅಳ್ತೀರಿ?"

"ಅಳದೆ ಎಂತ ಮಾಡುದು? ಫೋಟೊ ನೋಡಿ ಹರಾಜು ಕೂಗಿದ್ರೆ, ಇವತ್ತು ಅವರಿಬ್ಬರೂ ಕೋರ್ಟಿನಲ್ಲಿ ಎದುರುಬದುರು ನಿಲ್ತಿದ್ರು. ಈಗ ಅಡುಗೆಮನೆಯಲ್ಲಿ ಒಟ್ಟಿಗೆ ಚಹಾ ಮಾಡ್ತಾ ಇದ್ದಾರೆ."