ಅಳಲೆ ಕಷಾಯದ ಟೈರ್ ಸಾಬರು

ಮೊನ್ನೆ ಮೊಮ್ಮಗಳು ತಲೆಗೂದಲಿಗೆಂದು ಅಳಲೆಕಾಯಿ ಜಜ್ಜಿ ಕುದಿಸುತ್ತಿದ್ದಳು. ಆ ಒಗರು ವಾಸನೆ ನಡುಮನೆಗೆ ಬಂದದ್ದೇ ತಡ, ಜೊತೆಗೆ ಸುಟ್ಟ ರಬ್ಬರಿನ ವಾಸನೆಯೂ ಬಂದಂತಾಯಿತು. ಮನೆಯಲ್ಲಿ ರಬ್ಬರೇನೂ ಸುಡುತ್ತಿರಲಿಲ್ಲ. ಗುಂಡ್ಲುಪೇಟೆಯ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಈ ಎರಡು ವಾಸನೆಗಳೂ ಒಟ್ಟಿಗೇ ಇರುತ್ತಿದ್ದವು…

ಅದು ಐವತ್ತರ ದಶಕ. ನಾನು ಮದುವೆಯಾಗಿ ಸಂತೆಮರಹಳ್ಳಿಯಿಂದ ಬಂದ ಹೊಸತು. ಯಜಮಾನರು ಖಾಸಗಿ ಬಸ್ಸಿನ ಡ್ರೈವರ್. ಬಂಡೀಪುರದ ಕಾಡು ದಾಟಿ ಊಟಿಯ ಘಾಟಿ ಹತ್ತಿ ಇಳಿಯುವ ಬಸ್ಸು ಅದು. ಅವರು ಮನೆಗೆ ಬರುವವರೆಗೂ ನಾನು ಜಗಲಿಯಲ್ಲೇ ಕಾದಿರುತ್ತಿದ್ದೆ. ಪಕ್ಕದ ಅಂಗಡಿಯಲ್ಲಿ ಟೈರುಗಳಿಗೆ ತೇಪೆ ಹಾಕುವ ಸಾಬರಿದ್ದರು. ಊರಿಗೆಲ್ಲ ಅವರು ಟೈರ್ ಸಾಬರು. ನನ್ನನ್ನು ತಂಗ್ಯಮ್ಮ ಎನ್ನುತ್ತಿದ್ದರು.

ಒಳ್ಳೆಯ ಮನುಷ್ಯ, ಆದರೆ ಅಬ್ಬಬ್ಬಾ, ಏನು ಬಡಾಯಿ! ಅವರ ತಂದೆಯ ಕಾಲದಲ್ಲಿ ಚರ್ಮದ ವ್ಯಾಪಾರವಿತ್ತು. ಅಳಲೆಕಾಯಿಯ ನೀರಿನಲ್ಲಿ ನೆನೆಸಿದ ಚರ್ಮ ಕೊಳೆಯುವುದಿಲ್ಲ ಎಂಬುದನ್ನು ಸಾಬರು ಚಿಕ್ಕಂದಿನಿಂದ ಕಂಡವರು. ಚರ್ಮವನ್ನು ಉಳಿಸುವಂಥದ್ದು ರಬ್ಬರನ್ನೂ ಯಾಕೆ ಉಳಿಸಬಾರದು ಎಂದು ಅವರ ತಲೆಗೆ ಹೊಕ್ಕಿತ್ತು. ದೊಡ್ಡ ಮಡಕೆಯಲ್ಲಿ ಕಷಾಯ ಕಾಯಿಸಿ, ಆರಿಸಿ, ಹೊಸ ಟೈರು ಟ್ಯೂಬುಗಳಿಗೆ ಬಟ್ಟೆಯಿಂದ ಬಳಿಯುತ್ತಿದ್ದರು. ಒಂದೇ ಟ್ಯೂಬಿನಿಂದ ಕತ್ತರಿಸಿದ ಎರಡು ಪಟ್ಟಿಗಳನ್ನು ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿ, ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ತೋರಿಸುತ್ತಿದ್ದರು.

“ಎಳ್ದು ನೋಡು ತಂಗ್ಯಮ್ಮ. ಇದು ಕಷಾಯ ಕುಡ್ದಿರೋದು, ಇದು ಕುಡೀದೇ ಇರೋದು.”

ಎಳೆದು ನೋಡಿದೆ. ಒಂದು ಬಳುಕಿತು, ಇನ್ನೊಂದು ಕೈಯಲ್ಲೇ ಪಟ್ಟನೆ ತುಂಡಾಯಿತು. ಗಾಳಿ, ಬಿಸಿಲು ರಬ್ಬರನ್ನು ತಿನ್ನುವುದನ್ನು ತಡಮಾಡುವ ಗುಣ ಕೆಲವು ಗಿಡಮರಗಳ ಒಗರಿನಲ್ಲಿ ಇದೆಯಂತೆ, ಕಾಲೇಜಿನಲ್ಲಿ ಓದಿದ ಮೊಮ್ಮಗಳು ಈಗ ಹೇಳುತ್ತಾಳೆ. ಸಾಬರಿಗೆ ಆ ಕಾರಣವೆಲ್ಲ ಗೊತ್ತಿರಲಿಲ್ಲ. ತಮ್ಮ ಕಷಾಯ ಬಿದ್ದ ಟೈರಿಗೆ ಸಾವೇ ಇಲ್ಲ ಎಂದು ಸಂತೆಯಲ್ಲೆಲ್ಲ ಸಾರಿಕೊಂಡು ಬಂದಿದ್ದರು.

ಆ ಮಾತೇ ಅವರಿಗೆ ಮುಳುವಾಯಿತು. ಹೊಸ ಟೈರು ಸುಲಭಕ್ಕೆ ಸಿಗದ ಕಾಲ. ನಮ್ಮ ಬಸ್ಸಿನ ಸಾಹುಕಾರರು ಸಾಬರ ಮಾತನ್ನು ಹಿಡಿದುಕೊಂಡರು. ಮುಂದಿನ ಚಕ್ರದ ಟೈರು ಪಕ್ಕದಲ್ಲೆಲ್ಲ ಬಿರುಕು ಬಿಟ್ಟು ಒಳಗಿನ ನೂಲು ಕಾಣುತ್ತಿದ್ದರೂ ಬದಲಾಯಿಸಲಿಲ್ಲ. ವಿಭೂತಿ ಬಳಿದು, ನಿಂಬೆಹಣ್ಣು ಕಟ್ಟಿ, ಕಷಾಯ ಹಚ್ಚಿಸಿ ಓಡಿಸುತ್ತಿದ್ದರು. ಯಜಮಾನರೂ ಅಷ್ಟೇ. ನಾನು ಕೇಳಿದರೆ “ಸಾಬ್ರು ಬಳ್ದವ್ರೆ ಕಣೇ, ಏನೂ ಆಗಲ್ಲ, ಸುಮ್ನಿರು” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅದೇ ಚಕ್ರ ಪಂಕ್ಚರ್ ಆಗಿ ಬಸ್ಸು ಅಂಗಡಿಯ ಮುಂದೆ ನಿಂತಿತ್ತು. ಊಟಿಗೆ ಹೋಗುವವರು ಆಗಲೇ ಹತ್ತಿ ಕುಳಿತಿದ್ದರು. ಸಾಹುಕಾರರೂ ಬಂದು ನಿಂತಿದ್ದರು. ಟೈರನ್ನು ಬಿಚ್ಚಿ ಒಳಗೆ ಕೈಯಾಡಿಸಿದ ಸಾಬರ ಮುಖ ಇಳಿದುಹೋಯಿತು. ನಾನು ಜಗಲಿಯಲ್ಲೇ ನಿಂತಿದ್ದೆ.

“ಇದು ಆಗಲ್ಲ ಸಾವ್ಕಾರ್ರೆ. ನೂಲೆಲ್ಲ ಕಿತ್ತೋಗದೆ. ಘಾಟೀಲಿ ಸಿಡೀತದೆ.”

“ಕಷಾಯ ಬಳಿಯಯ್ಯ, ಇನ್ನೊಂದು ಬೇಸ್ಗೆ ಓಡ್ತದೆ. ಸಾವೇ ಇಲ್ಲ ಅಂದೋನು ನೀನೇ ಅಲ್ವಾ?”

“ಅದು ಹೊಸಾದ್ನ ಕಾಯ್ತದೆ ಅಷ್ಟೇಯ. ಒಡ್ದೋಗಿರೋದ್ನ ಕೂಡ್ಸಲ್ಲ.”

ಸಾಹುಕಾರರು ನಕ್ಕುಬಿಟ್ಟರು. ಯಜಮಾನರೂ ಹೊತ್ತಾಗುತ್ತಿದೆ ಎಂದು ಅವಸರಪಡಿಸಿದರು. ಎಷ್ಟು ಹೇಳಿದರೂ ಇಬ್ಬರ ಕಿವಿಗೂ ಹೋಗಲಿಲ್ಲ. ಸಾಬರು ನನ್ನ ಕಡೆ ಒಮ್ಮೆ ನೋಡಿದರು. ನಾನಾಗ ತುಂಬು ಬಸುರಿ… ಆಮೇಲೆ ರಬ್ಬರು ಕೊಯ್ಯುವ ಚಾಕು ತೆಗೆದುಕೊಂಡು ಟೈರನ್ನು ಕಾಲಲ್ಲಿ ಮೆಟ್ಟಿ, ಬಿರುಕಿನ ಉದ್ದಕ್ಕೂ ಸೀಳಿಬಿಟ್ಟರು.

“ಸಾವಿಲ್ಲ ಅಂದಿದ್ದು ನನ್ ಬಡಾಯಿ ಸಾವ್ಕಾರ್ರೆ. ಅದ್ನ ನಂಬುದ್ರಿ. ಈಗ್ ಯೋಳೋದ್ನೂ ನಂಬಿ.”

ಬದಲಿ ಟೈರಿಲ್ಲದೆ ಬಸ್ಸು ಅಂದು ಹೊರಡಲಿಲ್ಲ. ಸಾಹುಕಾರರು ಬೀದಿಯ ಜನ ಸೇರುವಂತೆ ಕೂಗಾಡಿ, ತಮ್ಮ ಬಸ್ಸುಗಳ ಕೆಲಸ ಅವರಿಗೆ ಕೊಡುವುದನ್ನು ನಿಲ್ಲಿಸಿದರು. ಬೇರೆಯವರೂ ನಿಲ್ಲಿಸಿದರು. ಟೈರಿಗೆ ಚಾಕು ಹಾಕುವವನ ಹತ್ತಿರ ಟೈರು ಯಾರು ಬಿಡುತ್ತಾರೆ? ಮಳೆಗಾಲ ಮುಗಿಯುವ ಹೊತ್ತಿಗೆ ಸಾಬರು ಹೆಂಡತಿಯನ್ನು ಕರೆದುಕೊಂಡು ಸತ್ಯಮಂಗಲದ ಕಡೆ ಹೊರಟುಹೋದರು. ಹೋಗುವಾಗ ನನ್ನ ಮಗುವನ್ನು ಎತ್ತಿಕೊಂಡು, “ಅಪ್ಪನ ಥರಾನೇ ಅವ್ನೆ ಕಣಮ್ಮ” ಎಂದರು. ಆಮೇಲೆ ಸುದ್ದಿಯೇ ಇಲ್ಲ.

ಬಸ್ಸು ನಿಂತ ದಿನ ಯಜಮಾನರು ಮನೆಗೆ ಬಂದವರೇ ಮುದ್ದೆ ಮುರಿಯುತ್ತಾ ಸಾಬರನ್ನು ಬೈದದ್ದೇ ಬೈದದ್ದು. ನಾನು ಸಾರು ಬಡಿಸುತ್ತಾ ಕೇಳಿಸಿಕೊಂಡೆ. ಬೈಯಲಿ, ಬೈಯುವುದಕ್ಕೆ ಮನೆಯಲ್ಲಿದ್ದಾರಲ್ಲ ಎಂದು ಹೊಟ್ಟೆ ತಣ್ಣಗಾಗಿತ್ತು.

ಯಜಮಾನರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಹಲ್ಲೆಲ್ಲ ಉದುರಿದ ಮೇಲೆ, ಮನೆಯ ಹಾಸಿಗೆಯಲ್ಲಿ, ನಾಲ್ಕು ಮಕ್ಕಳ ಕೈಯಲ್ಲೂ ನೀರು ಕುಡಿದು ಹೋದರು. ಆ ನಾಲ್ವರೂ ಆ ಬೆಳಿಗ್ಗೆಯ ಆಚೆಗೆ ಹುಟ್ಟಿದವರು. ಸಾಬರಿಗೆ ಕೊನೆಯಲ್ಲಿ ನೀರು ಬಿಟ್ಟವರು ಯಾರೋ, ನನಗೆ ಗೊತ್ತಿಲ್ಲ.